ಕೂಡಿಸಿದ್ರ ಒಂಬತ್ತು

ಬಸಣ್ಣ ಮಿರ್ಚಿ ಪ್ಲೇಟಿನ ಪಕ್ಕ ಫೋನ್ ಇಟ್ಟು ಮೀಸಿ ತಿರುವಿದ. “ಹೊಸಾ ನಂಬರ್. ಐದು ಸಾವಿರ.”

“ಫೋನಿಗಾ?” ಅಂದ ಸಿದ್ರಾಮ.

“ಬರೇ ನಂಬರಿಗಿ. ಸೊನ್ನಿಯಿಂದ ಒಂಬತ್ತರ ತನಕ ಹತ್ತೂ ಅಂಕಿ ಒಂದೊಂದೇ ಸಲ ಬಂದಾವ. ಕೂಡಿಸಿದ್ರ 45. ನಾಕು ಐದು ಒಂಬತ್ತು! ಇನ್ನ ದೈವ ಖುಲಾಯಿಸ್ತದ ಅಂದಾನ ಅಂಗಡಿಯಂವ.”

ಮಾಸ್ತರು ಸುಸಲಾದಾಗಿನ ಶೇಂಗಾ ಹೆಕ್ಕೋದು ನಿಲ್ಲಿಸಿದ್ರು. “ಆ ಹತ್ತು ಅಂಕಿ ಹೆಂಗರೆ ಜೋಡಿಸು, 45 ಬಿಟ್ಟು ಮತ್ತೇನು ಬಂದೀತೋ? ಮುಂದ ಒಂಬತ್ತು ಇಟ್ಟು ಉಳಿದದ್ದು ಕಲಸಿದ್ರ 3,62,880 ನಂಬರ್ ಆಗ್ತಾವ. ಕಲಬುರಗಿಯಾಗ ಮನೀಗೊಂದು ಹಂಚಿದ್ರೂ ಉಳೀತಾವ. ಬರೇ ಒಂಬತ್ತು ಸಾಕಂದ್ರ, ಎಣಿಸ್ಕೋತ ಹೋಗು, ಪ್ರತಿ ಒಂಬತ್ತನೇ ನಂಬರಿಗೂ ಅದೇ ದೈವ.”

“ನಮ್ಮ ಅಳಿಯ ಅಂತಾನ, ಅವಿಭಾಜ್ಯ ಸಂಖ್ಯಾ ಭಾಳ ಗಟ್ಟಿ ಅಂತ. ಬ್ಯಾಂಕಿನ ಗುಟ್ಟೆಲ್ಲಾ ಅದರ ಮ್ಯಾಲೇ ನಿಂತದಂತ. ಇದು ಅದೇ ಇರಬೇಕಲ್ರಿ?” ಸಿದ್ರಾಮ ಸಮಾಧಾನಕ್ಕ ನೋಡಿದ.

“ಅಂಕಿ ಕೂಡಿಸಿದ್ದು ಒಂಬತ್ತರಿಂದ ಭಾಗ ಹೋದ್ರ ನಂಬರೂ ಒಂಬತ್ತರಿಂದ ಭಾಗ ಹೋಗ್ತದ. ಇನ್ನೆಲ್ಲಿಯ ಅವಿಭಾಜ್ಯ? 9876543210 ತಗೋ. ಎರಡು, ಎರಡು ಸಲ ಮೂರು, ಐದು, ಎರಡು ಸಲ ಹದಿನೇಳು. ಇಷ್ಟರಿಂದ ಒಡದ ಮ್ಯಾಲೆ 379721 ಉಳೀತದ. ಗಟ್ಟಿ ಅಂದ್ರ ಅದು, ಯಾತರಿಂದನೂ ಒಡಿಯಂಗಿಲ್ಲ. ಅದಕ್ಕ ಐದು ಪೈಸಾ ಕೊಡೋರಿಲ್ಲ.”

“ನಿಮಗ ನಂಬಿಕಿ ಇಲ್ಲ ಬಿಡ್ರಿ.”

“ನಂಬಿಕಿ ಅದ ಬಿಡೋ! 2014ರಾಗ ಗುಲ್ಬರ್ಗಾ ಹೋಗಿ ಕಲಬುರಗಿ ಆತು. ಬಿಸಿಲು ಕಮ್ಮಿ ಆಗ್ತದಂತ ಇನ್ನೂ ಕಾಯ್ಕೋತ ಕುಂತೀನಿ.”

ಸಿದ್ರಾಮ ನಕ್ಕು ಖಾರ ನೆತ್ತಿಗೇರಿಸಿಕೊಂಡ. ಮಾಸ್ತರು ನೀರು ಕೊಟ್ಟು ಮುಂದುವರಿಸಿದ್ರು. ಪಾಠಕ್ಕ ನಿಂತ್ರ ಅವರಿಗೆ ಗಂಟಿ ಹೊಡಿಯೋರು ಯಾರು?

“ತೊಗರಿ ಅಡತಿಯಾಗ ಮುನೀಮರಿಗೆಲ್ಲಾ ಇದು ಗೊತ್ತಿರ್ತಿತ್ತು. ಲೆಕ್ಕದಾಗ ಬಂದ ಫರಕು ಒಂಬತ್ತರಿಂದ ಹೋದ್ರ ‘ಎಲ್ಲೋ ಅಂಕಿ ಹಿಂದ್ಮುಂದ ಆಗ್ಯಾವ, ಹುಡುಕು’ ಅಂತಿದ್ರು. 54 ಬರಿಯೋ ಕಡಿ 45 ಬರದ್ರ ಫರಕು ಒಂಬತ್ತೇ. ಹಂಗ ನಿನ್ನ ನಂಬರಿನಾಗ ಎರಡು ಅಂಕಿ ಹಿಂದ್ಮುಂದ ಒತ್ತಿದ್ರ, ಆ ಕಡಿ ಎತ್ತಿದವಂದೂ ಒಂಬತ್ತೇ.”

ಬಸಣ್ಣ ಮಿರ್ಚಿಯ ತೊಟ್ಟು ಹಿಡಕೊಂಡು ತಿರುವಿದ. ತಿನ್ನಲಿಲ್ಲ.

“ಇದು ಮೊದಲು ಯಾರದೋ ಇತ್ತು ಕಾಣ್ತದ, ಮಾಸ್ತರ. ದಿನಾ ಮುಂಜಾನಿಯಿಂದ ಸಾಲದವರು ಹಚ್ಚತಾರ. ‘ಮಲ್ಲಪ್ಪ, ಕಂತು ಯಾವಾಗ?’ ಅಂತ.”

“ಬಂತಲ್ಲ ದೈವ, ಬಡ್ಡಿ ಸಮೇತ!”

“ಅದು ಹೋಗ್ಲಿ. ರಾತ್ರಿ ಒಬ್ಬಾಕಿ ಮುದುಕಿ ಹಚ್ಚತಾಳ. ಕಿವಿ ಕೇಳಂಗಿಲ್ಲ ಪಾಪ. ‘ಮಲ್ಲೂ, ಉಂಡೀ?’ ಅಂತಾಳ. ಇದು ಮಲ್ಲೂನ ನಂಬರಲ್ಲ ಅಂದ್ರೂ ತಿಳಿಯಂಗಿಲ್ಲ.”

“ನೀ ಏನಂದಿ?”

“ಈಗೀಗ ಉಂಡೀನವ್ವಾ ಅಂತೀನಿ. ‘ಹಾಂ, ಮಕ್ಕೋ’ ಅಂತ ಇಡ್ತಾಳ.”

ಯಾರೂ ಮಾತಾಡಲಿಲ್ಲ. ಸಿದ್ರಾಮಗ ಮಾತ್ರ ತಡಿಲಿಲ್ಲ.

“ಆಕಿ ನಂಬರ್ ಕೂಡಿಸಿದ್ರ ಎಷ್ಟಾಗ್ತದ?”

“ಏ, ಮಿರ್ಚಿ ತಿನ್ನಲೇ!” ಅಂದ್ರು ಮಾಸ್ತರು.