ಪದಚರ್ಚೆ: ಹೆಡ್‌ಫೋನ್ ಆಂಪ್ ಬದಲಿಸಿದಾಗ ದನಿ 'ಬೆಚ್ಚಗೆ' ಆಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ಹಿಂದುಸ್ತಾನಿ ಸಂಗೀತ ಕಲಿಯುತ್ತಿರುವ ಹುಡುಗ ಹುಡುಗಿಯರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ವಿಷಯ ಹೆಡ್‌ಫೋನ್ ಮತ್ತು ಆಂಪ್ಲಿಫೈಯರ್ (ಚಿಕ್ಕದಾಗಿ ಆಂಪ್, ಹೆಡ್‌ಫೋನಿಗೆ ಬೇಕಾದ ವಿದ್ಯುತ್ ಬಲ ಕೊಡುವ ಉಪಕರಣ). ಇವರೆಲ್ಲ ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ಹಳೆಯ ಧ್ವನಿಮುದ್ರಣ ಕೇಳಿ ಕೇಳಿ ಕಲಿಯುವವರು. ಈಗ ಒಳ್ಳೆಯ ಹೆಡ್‌ಫೋನ್ ಕೊಂಡಿದ್ದಾರೆ. ಕೊಂಡ ಮೇಲೆ ಎಲ್ಲರೂ ಕೇಳುವುದು ಒಂದೇ: ಇದಕ್ಕೆ ಬೇರೆ ಆಂಪ್ ಬೇಕಾ? ಆಂಪ್ ಬದಲಿಸಿದರೆ ದನಿ ನಿಜವಾಗಿ ಬದಲಾಗುತ್ತದಾ?

ಕೆಲವು ಜೋಡಿಗಳಲ್ಲಿ ಚೆನ್ನಾಗಿಯೇ ಬದಲಾಗುತ್ತದೆ. ಎಷ್ಟೋ ಜೋಡಿಗಳಲ್ಲಿ ಏನೂ ಆಗುವುದಿಲ್ಲ. ಆಗುವ ಬದಲಾವಣೆಯನ್ನು ಕನ್ನಡದಲ್ಲಿ ಯಾವ ಪದದಿಂದ ಹೇಳಬೇಕು ಅನ್ನುವುದು ನನ್ನ ಪ್ರಶ್ನೆ. ಮುಖ್ಯವಾಗಿ ಇಂಗ್ಲಿಷಿನವರು 'ವಾರ್ಮ್' ಅನ್ನುತ್ತಾರಲ್ಲ, ಅದಕ್ಕೆ ಏನು ಹೇಳೋಣ?

'ಬೆಚ್ಚನೆಯ ದನಿ' ಸರಿಹೋಗುವುದಿಲ್ಲ. ಹಾಗೆ ಬರೆದರೆ ಓದುವವರಿಗೆ ಪ್ರೀತಿಯಿಂದ ಮಾತಾಡುವ ಅಜ್ಜಿಯ ದನಿ ನೆನಪಾಗುತ್ತದೆ. ನಮ್ಮಲ್ಲಿ ಬೆಚ್ಚಗೆ ಇರುವುದು ಮೈ, ಮನೆ, ಕಂಬಳಿ, ಮಾತು. ತಬಲಾ ಬೆಚ್ಚಗಿದೆ ಎಂದು ಯಾರೂ ಅನ್ನುವುದಿಲ್ಲ. 'ಕಾವು' ಒಳ್ಳೆಯ ಪದ. ಆದರೆ ಅದಕ್ಕೆ ಬೇರೆ ಕೆಲಸ ಇದೆ. ಮೈಫಿಲು ಕಾವೇರಿತು ಅಂದರೆ ಹಾಡುವವರು, ಕೇಳುವವರು ಇಬ್ಬರೂ ರಂಗೇರಿದರು ಎಂದು ಅರ್ಥ. ಅದು ಹಾಡಿನ ಗುಣ, ಉಪಕರಣದ ಗುಣ ಅಲ್ಲ.

ಪದ ಹುಡುಕುತ್ತಾ ಹೋದಂತೆ ನನಗೆ ಇನ್ನೊಂದು ವಿಷಯ ಕಾಣಿಸಿತು. 'ವಾರ್ಮ್' ಅನ್ನುವ ಒಂದೇ ಮಾತಿನ ಅಡಿಯಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ. ಮೂರಕ್ಕೂ ಕಾರಣ ಬೇರೆ, ಕೇಳಿಸುವ ರೀತಿಯೂ ಬೇರೆ. ಹಾಗಿರುವಾಗ ಮೂರಕ್ಕೂ ಸೇರಿಸಿ ಒಂದು ಕನ್ನಡ ಪದ ಕಟ್ಟುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ನಮಗೆ ಮೂರು ಪದ ಬೇಕು. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಕಾರಣ ಗೊತ್ತಿಲ್ಲದೆ ಪದ ಸೂಚಿಸುವುದು ಕಷ್ಟ.

ಮೊದಲನೆಯದು ಆಂಪ್‌ನ ಒಳಗಿನ ತಡೆ. ಪ್ರತಿ ಆಂಪ್‌ಗೂ ಹೆಡ್‌ಫೋನ್ ಸಿಕ್ಕಿಸುವ ಕಡೆ ತನ್ನದೇ ಒಂದಿಷ್ಟು ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಇರುತ್ತದೆ. ಔಟ್‌ಪುಟ್ ಇಂಪೀಡೆನ್ಸ್ ಅನ್ನುವುದು ಇದನ್ನೇ. ಹೆಡ್‌ಫೋನಿಗೂ ಅದರದೇ ಓಮ್ ಇದೆ. ಆಂಪ್ ಕೊಡುವ ವೋಲ್ಟೇಜ್ ಈ ಎರಡರ ನಡುವೆ ಪಾಲಾಗುತ್ತದೆ. ಹೆಡ್‌ಫೋನಿನ ಓಮ್ ಎಲ್ಲ ಸ್ವರಕ್ಕೂ ಒಂದೇ ಆಗಿದ್ದರೆ ತೊಂದರೆ ಇರಲಿಲ್ಲ, ದನಿ ಒಟ್ಟಾರೆ ಕಡಿಮೆ ಆಗುತ್ತಿತ್ತು ಅಷ್ಟೇ. ಆದರೆ ಹಾಗಿರುವುದಿಲ್ಲ. ಸೆನ್‌ಹೈಸರ್ ಎಚ್‌ಡಿ 650 ತೆಗೆದುಕೊಳ್ಳಿ. ಹೆಸರಿಗೆ ಅದು 300 ಓಮ್. ಆದರೆ 80ರಿಂದ 100 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಆಸುಪಾಸಿನಲ್ಲಿ ಸುಮಾರು 500 ಓಮ್‌ವರೆಗೆ ಏರುತ್ತದೆ. ಆಂಪ್‌ನ ಒಳತಡೆ 1 ಓಮ್ ಇದ್ದರೆ ಈ ಏರಿಳಿತದ ಸುದ್ದಿಯೇ ಕಿವಿಗೆ ಬರುವುದಿಲ್ಲ. ಅದೇ 120 ಓಮ್ ಇದ್ದರೆ ಲೆಕ್ಕ ಹಾಕಿ ನೋಡಿ. 300 ಓಮ್ ಇರುವ ಸ್ವರಗಳಿಗೆ ವೋಲ್ಟೇಜಿನ ಶೇಕಡಾ 71 ಸಿಗುತ್ತದೆ, 500 ಓಮ್ ಇರುವ ಕಡೆ ಶೇಕಡಾ 81 ಸಿಗುತ್ತದೆ. ಅಂದರೆ ಆ ಕೆಳಗಿನ ಸ್ವರಗಳು ಸುಮಾರು 1 ಡೆಸಿಬೆಲ್ (ದನಿಯ ಜೋರಿನ ಅಳತೆ) ಎತ್ತಿ ಕೇಳಿಸುತ್ತವೆ.

1 ಡೆಸಿಬೆಲ್ ಸಣ್ಣದು ಅನಿಸಬಹುದು. ಆದರೆ ಅದು ಎಲ್ಲಿ ಬೀಳುತ್ತದೆ ನೋಡಿ. ಗಂಡಸರ ತಂಬೂರಿಯ ಖರ್ಜದ (ಎಲ್ಲಕ್ಕಿಂತ ಕೆಳಗಿನ ಸಾ) ತಂತಿ ಸಾಮಾನ್ಯವಾಗಿ 65ರಿಂದ 75 ಹರ್ಟ್ಸ್ ಆಸುಪಾಸಿನಲ್ಲಿ ಇರುತ್ತದೆ. ತಬಲಾ ಜೋಡಿಯ ಎಡಗೈ ಡಗ್ಗಾದ ಗುಮ್ಮೆನ್ನುವ ನಾದವೂ ಹೆಚ್ಚುಕಡಿಮೆ ಈ ನೆರೆಯಲ್ಲೇ. ಅಂದರೆ ಗಾಯಕರ ದನಿ ಹಾಗೇ ಇದ್ದು, ಅದರ ಕೆಳಗಿನ ನೆಲ ಮಾತ್ರ ಸ್ವಲ್ಪ ಮೇಲೆ ಬಂದ ಹಾಗೆ. ಕೇಳುವವರು 'ತುಂಬಿಕೊಂಡಿದೆ' ಅನ್ನುತ್ತಾರೆ. ನಾನು ಇದನ್ನು 'ತುಂಬು ದನಿ' ಎಂದೇ ಬರೆಯಬೇಕೆಂದಿದ್ದೇನೆ. ಸಂಗೀತದವರ ಜೊತೆ ಮಾತಾಡುವಾಗ 'ಖರ್ಜ ಎದ್ದಿದೆ' ಅಂದರೆ ಇನ್ನೂ ನಿಖರ.

120 ಅನ್ನುವ ಸಂಖ್ಯೆ ನಾನು ಸುಮ್ನೆ ಆರಿಸಿದ್ದಲ್ಲ. ಐಇಸಿ 61938 ಎಂಬ ಅಂತರರಾಷ್ಟ್ರೀಯ ಮಾನದಂಡ 1996ರಲ್ಲಿ ಹೆಡ್‌ಫೋನ್ ಔಟ್‌ಪುಟ್‌ಗೆ 120 ಓಮ್ ಸೂಚಿಸಿತ್ತು. ಹಳೆಯ ರಿಸೀವರ್‌ಗಳಲ್ಲಿ ಸ್ಪೀಕರ್ ಆಂಪ್‌ನಿಂದಲೇ ಒಂದು ರೆಸಿಸ್ಟರ್ ಹಾಕಿ ಹೆಡ್‌ಫೋನ್ ಜ್ಯಾಕ್ ಎಳೆಯುವ ರೂಢಿಯೂ ಇತ್ತು. ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ (ಟ್ರಾನ್ಸಿಸ್ಟರಿಗೂ ಮುಂಚಿನ ಗಾಜಿನ ಕೊಳವೆ) ಆಂಪ್‌ಗಳಲ್ಲೂ ಒಳತಡೆ ಜಾಸ್ತಿ. ಇವತ್ತಿನ ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್‌ಗಳಲ್ಲಿ ಅದು 1 ಓಮ್ ಅಥವಾ ಅದಕ್ಕಿಂತ ಕಡಿಮೆ. ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಆಂಪ್‌ನ ಒಳತಡೆ ಕಡಿಮೆ ಇರಲಿ ಅನ್ನುವುದು ಎಲ್ಲರೂ ಪಾಲಿಸುವ ಲೆಕ್ಕ. ಪ್ಲೇನಾರ್ (ಚಪ್ಪಟೆ ಪೊರೆಯ) ಹೆಡ್‌ಫೋನ್‌ಗಳ ಓಮ್ ಎಲ್ಲ ಸ್ವರಕ್ಕೂ ಹೆಚ್ಚುಕಡಿಮೆ ಒಂದೇ. ಅದಕ್ಕೇ ಅವುಗಳ ಮೇಲೆ ಈ ಪರಿಣಾಮ ಇಲ್ಲ. ಕಿವಿಯೊಳಗೆ ಇಡುವ, ಹಲವು ಆರ್ಮೇಚರ್ (ದನಿ ಹುಟ್ಟಿಸುವ ಪುಟ್ಟ ಘಟಕ) ಇರುವ ಇಯರ್‌ಫೋನ್‌ಗಳಲ್ಲಿ ಮಾತ್ರ ಇದು ಬಹಳ ಜಾಸ್ತಿ. ಅಲ್ಲಿ ದನಿಯ ಚಹರೆಯೇ ಬದಲಾಗಬಹುದು.

ಇಲ್ಲಿ ನನ್ನ ಎರಡನೇ ಪ್ರಶ್ನೆ. ಔಟ್‌ಪುಟ್ ಇಂಪೀಡೆನ್ಸ್‌ಗೆ 'ಒಳತಡೆ' ಎಂದು ಬರೆಯುತ್ತಿದ್ದೇನೆ. ಕೆಲವರು 'ಹೊರತಡೆ' ಅನ್ನಬೇಕು ಎನ್ನುತ್ತಾರೆ, ಔಟ್‌ಪುಟ್ ಕಡೆ ಇದೆಯಲ್ಲ ಎಂದು. ಆದರೆ ಆ ತಡೆ ಇರುವುದು ಆಂಪ್‌ನ ಒಳಗೆ. ಹೊರಗೆ ಇರುವುದು ಹೆಡ್‌ಫೋನ್. ಹುಡುಗರಿಗೆ ಲೆಕ್ಕ ಬಿಡಿಸುವಾಗ ಒಳತಡೆ ಅಂದರೆ ಬೇಗ ಹೊಳೆಯುತ್ತದೆ. ನಿಮಗೆ ಏನನ್ನಿಸುತ್ತದೆ?

ಇದೇ ಒಳತಡೆಗೆ ಇನ್ನೊಂದು ಮುಖ ಇದೆ. ಹೆಡ್‌ಫೋನಿನ ಪೊರೆ ಒಮ್ಮೆ ಅಲುಗಿದ ಮೇಲೆ ತನ್ನಷ್ಟಕ್ಕೆ ಇನ್ನೂ ಸ್ವಲ್ಪ ಓಲಾಡುತ್ತದೆ, ನಾಗರ ಪಂಚಮಿಯ ಜೋಕಾಲಿ ಜೀಕುವುದು ಬಿಟ್ಟ ಮೇಲೂ ತೂಗುವ ಹಾಗೆ. ಒಳತಡೆ ಕಡಿಮೆ ಇರುವ ಆಂಪ್ ಅದನ್ನು ಬೇಗ ನಿಲ್ಲಿಸುತ್ತದೆ. ಇಂಗ್ಲಿಷಿನಲ್ಲಿ 'ಟೈಟ್ ಬೇಸ್' ಅನ್ನುವುದು ಇದಕ್ಕೆ, ಬೇಸ್ ಅಂದರೆ ಕೆಳಗಿನ ಸ್ವರಗಳು. 'ಬಿಗಿ' ಅನ್ನೋಣವೇ ಅಂದರೆ, ತಬಲಾದವರಿಗೆ ಬಿಗಿಯುವುದು ಅಂದರೆ ಸ್ವರ ಏರಿಸುವುದು. ಬಿಗಿ ಡಗ್ಗಾ ಅಂದರೆ ಅವರು ಬೇರೆಯೇ ತಿಳಿಯುತ್ತಾರೆ. 'ಹಿಡಿತ' ನನಗೆ ಇಷ್ಟವಾದ ಪದ. 'ಈ ಆಂಪ್‌ಗೆ ಬೇಸ್ ಮೇಲೆ ಹಿಡಿತ ಇದೆ' ಎಂದರೆ ಯಾರಿಗಾದರೂ ತಿಳಿಯುತ್ತದೆ, ಅಲ್ವಾ?

'ವಾರ್ಮ್'ನ ಎರಡನೇ ಅರ್ಥಕ್ಕೆ ಬರುತ್ತೇನೆ. ನನಗೆ ಬಹಳ ಆಸಕ್ತಿ ಇರುವುದು ಇಲ್ಲಿ. ಸಿಂಗಲ್ ಎಂಡೆಡ್ (ಇಡೀ ಅಲೆಯನ್ನು ಒಂದೇ ಕಡೆಯಿಂದ ದೊಡ್ಡದು ಮಾಡುವ) ವಾಲ್ವ್ ಆಂಪ್‌ಗಳು ಒಂದು ಸ್ವರವನ್ನು ದೊಡ್ಡದು ಮಾಡುವಾಗ ಅದರ ಎರಡನೆಯ ಹಾರ್ಮೋನಿಕನ್ನು, ಅಂದರೆ ಎರಡರಷ್ಟು ಕಂಪನವಿರುವ ಸ್ವರವನ್ನು, ಸ್ವಲ್ಪ ಸೇರಿಸುತ್ತವೆ. ನಮ್ಮ ಲೆಕ್ಕದಲ್ಲಿ ಹೇಳಿದರೆ ಎಷ್ಟು ಸುಲಭ ನೋಡಿ. ಮಧ್ಯ ಸಪ್ತಕದ ಸಾ ಕೊಟ್ಟರೆ ಆಂಪ್ ಅದರ ಬೆನ್ನಿಗೆ ಸಣ್ಣಗೆ ತಾರ ಷಡ್ಜ ಸೇರಿಸುತ್ತದೆ. ಮೂರನೆಯ ಹಾರ್ಮೋನಿಕ್ ಅಂದರೆ ತಾರ ಸಪ್ತಕದ ಪಂಚಮ. ಐದನೆಯದು ಅದಕ್ಕೂ ಮೇಲಿನ ಸಪ್ತಕದ ಗಾಂಧಾರ. ಚೆನ್ನಾಗಿ ಕೂಡಿಸಿದ ತಂಬೂರಿಯಲ್ಲಿ ತಾನಾಗಿ ಏಳುವ ಸ್ವಯಂಭೂ ಗಾಂಧಾರ ಬರುವುದೂ ಈ ಐದನೆಯದರಿಂದಲೇ. ಏಳನೆಯದಕ್ಕೆ ಹೋದರೆ ಅದು ಕೋಮಲ ನಿಷಾದಕ್ಕಿಂತ ಸ್ವಲ್ಪ ಇಳಿದು ನಿಲ್ಲುತ್ತದೆ, ಯಾವ ಸ್ವರಕ್ಕೂ ಸರಿಯಾಗಿ ಕೂಡುವುದಿಲ್ಲ. ಕೆಳಗಿನ ಹಾರ್ಮೋನಿಕ್ ಸೇರಿದರೆ ದನಿ ಇಂಪು, ಮೇಲಿನವು ಸೇರಿದರೆ ಕರ್ಕಶ ಅನಿಸುವುದಕ್ಕೆ ಕಾರಣ ಇಲ್ಲಿದೆ.

ಶೇಕಡಾ 1ರಷ್ಟು ಎರಡನೇ ಹಾರ್ಮೋನಿಕ್ ಅಂದರೆ ಮೂಲ ಸ್ವರಕ್ಕಿಂತ 40 ಡೆಸಿಬೆಲ್ ಕೆಳಗೆ. ಒಳ್ಳೆಯ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಇದು ಶೇಕಡಾ 0.001 ಇರಬಹುದು, ಅಂದರೆ 100 ಡೆಸಿಬೆಲ್ ಕೆಳಗೆ. ಅದು ಕಿವಿಗೆ ಸಿಗುವುದಿಲ್ಲ. ಒಂಟಿ ದನಿಗೆ ಆ ಶೇಕಡಾ 1 ಹಿತವಾಗಿರಬಹುದು. ಆದರೆ ತಬಲಾ, ಹಾರ್ಮೋನಿಯಂ, ತಂಬೂರಿ ಎಲ್ಲ ಕೂಡಿದಾಗ ಅದೇ ಆಂಪ್ ಎರಡೆರಡು ಸ್ವರಗಳ ಕಂಪನ ಕೂಡಿದರೆ, ಕಳೆದರೆ ಬರುವ ಹೊಸ ಸ್ವರಗಳನ್ನೂ ಹುಟ್ಟಿಸುತ್ತದೆ. ಅವು ರಾಗದಲ್ಲಿ ಇರಬೇಕೆಂದೇನೂ ಇಲ್ಲ. ಹಾಗಾಗಿ ಸಂಗೀತ ಕಲಿಯುವವರು ಈ ಗುಣವನ್ನು ಹುಡುಕಿಕೊಂಡು ಹೋಗುವುದು ಬೇಡ ಎಂದೇ ನನ್ನ ಸಲಹೆ. ಗುರುಗಳು ಹಚ್ಚಿದ ಸ್ವರ ಹೇಗಿತ್ತೋ ಹಾಗೇ ಕಿವಿಗೆ ಬರಬೇಕು.

ಈ ಗುಣಕ್ಕೆ 'ಮಾಗಿದ ದನಿ' ಎಂದು ಬರೆದಿದ್ದೆ. ಈಗ ಅನುಮಾನ ಬಂದಿದೆ. ಮಾಗುವುದು ಹಾಡುವವರ ಸಾಧನೆಗೆ ಸೇರಿದ ಮಾತು. ವರ್ಷಗಟ್ಟಲೆ ರಿಯಾಜ್ ಮಾಡಿ ಬರುವ ಗುಣದ ಹೆಸರನ್ನು ಒಂದು ವಾಲ್ವ್‌ಗೆ ಕೊಡಲು ಮನಸ್ಸು ಒಪ್ಪುವುದಿಲ್ಲ. 'ಸಿಹಿ' ಅಂದರೆ ಆಗಬಹುದೇ? ಇದಕ್ಕಿಂತ ಒಳ್ಳೆಯದು ನಿಮ್ಮಲ್ಲಿದ್ದರೆ ದಯವಿಟ್ಟು ಹೇಳಿ.

ಮೂರನೆಯದು ಚಿಕ್ಕದು. ಕೆಲವು ಆಂಪ್‌ಗಳಲ್ಲಿ ಬಹಳ ಎತ್ತರದ ಸ್ವರಾಂಶಗಳು ಸ್ವಲ್ಪ ಕುಗ್ಗುತ್ತವೆ. ಟ್ರಾನ್ಸ್‌ಫಾರ್ಮರ್ ಇರುವ ವಾಲ್ವ್ ಆಂಪ್‌ನಲ್ಲಿ ಇದು ಆಗಬಹುದು. ಇದನ್ನೂ 'ವಾರ್ಮ್' ಅಂತಲೇ ಕರೆದುಬಿಡುತ್ತಾರೆ. ಇದಕ್ಕೆ 'ಮೊನಚು ಕಡಿಮೆ' ಸಾಕು, ತೀರ ಜಾಸ್ತಿ ಆದರೆ 'ಮೊಂಡು'. ಇದರ ಎದುರಿನ 'ಬ್ರೈಟ್'ಗೆ 'ಪ್ರಕಾಶಮಾನ' ಎಂದು ಬರೆಯುವುದನ್ನು ಬಿಡೋಣ. ದನಿಗೆ ಬೆಳಕು ಹಚ್ಚುವುದು ನಮ್ಮ ರೂಢಿ ಅಲ್ಲ. 'ಮೊನಚು' ಚೆನ್ನಾಗಿದೆ.

ಹುಬ್ಬಳ್ಳಿಯ ಸೌಂಡ್ ಸಿಸ್ಟಂನವರ ಬಾಯಲ್ಲಿ ಈಗಾಗಲೇ ಇರುವ ಎರಡು ಪದಗಳನ್ನು ಹಾಗೇ ತೆಗೆದುಕೊಂಡಿದ್ದೇನೆ. ಒಂದು 'ಒಡೆಯುವುದು'. 'ಸೌಂಡ್ ಒಡ್ಯಾಕತ್ತೈತ್ರಿ' ಅನ್ನುತ್ತಾರೆ. ಆಂಪ್ ಕೊಡಬಲ್ಲ ವೋಲ್ಟೇಜ್ ಮುಗಿದು ಅಲೆಯ ತುದಿ ಕತ್ತರಿಸಿದಾಗ ಆಗುವುದು ಇದೇ. ಇನ್ನೊಂದು 'ದಮ್ಮು'. 'ಇದರಾಗ ದಮ್ ಇಲ್ರಿ'. ಇಂಗ್ಲಿಷಿನ ಹೆಡ್‌ರೂಮಿಗೆ (ಒಡೆಯುವ ಮುನ್ನ ಆಂಪ್‌ನಲ್ಲಿ ಉಳಿದಿರುವ ಬಲ) ಇದಕ್ಕಿಂತ ಒಳ್ಳೆಯ ಪದ ನನಗೆ ಬೇಕಿಲ್ಲ. ತಾರ ಸಪ್ತಕದಲ್ಲಿ ನಿಂತು ತಾನ್ ಹೊಡೆಯಲು ಉಸಿರು ಬೇಕು. ದಮ್ಮು ಸಾಲದಿದ್ದರೆ ದನಿ ಒಡೆಯುತ್ತದೆ. ಗಾಯಕರಿಗೂ ಆಂಪ್‌ಗೂ ಒಂದೇ ಮಾತು ನಡೆಯುತ್ತದೆ.

ದಮ್ಮು ಎಷ್ಟು ಬೇಕು ಅನ್ನುವುದು ಹೆಡ್‌ಫೋನಿನ ಮೇಲೆ ಹೋಗುತ್ತದೆ. ಬೇಯರ್‌ಡೈನಾಮಿಕ್ ಡಿಟಿ 880 ಒಂದೇ ಮಾದರಿ 32, 250, 600 ಓಮ್‌ಗಳಲ್ಲಿ ಬಂದಿದೆ. 1 ಮಿಲಿವ್ಯಾಟ್ ಶಕ್ತಿ ಕೊಟ್ಟರೆ ಅದರ ದನಿ ಸುಮಾರು 96 ಡೆಸಿಬೆಲ್. ಧ್ವನಿಮುದ್ರಣದ ಅತಿ ಎತ್ತರದ ಕ್ಷಣಕ್ಕೆ 110 ಡೆಸಿಬೆಲ್ ಬೇಕೆಂದರೆ 25 ಮಿಲಿವ್ಯಾಟ್ ಬೇಕು. 600 ಓಮ್‌ನದಕ್ಕೆ ಅದು ಸುಮಾರು 3.9 ವೋಲ್ಟ್. 32 ಓಮ್‌ನದಕ್ಕೆ 0.9 ವೋಲ್ಟ್ ಸಾಕು, ಆದರೆ ಕರೆಂಟ್ ಹೆಚ್ಚು ಎಳೆಯುತ್ತದೆ. ಫೋನಿಗೆ ಸಿಕ್ಕಿಸುವ ಎಷ್ಟೋ ಡಾಂಗಲ್‌ಗಳು ಕೊಡುವುದು 1 ವೋಲ್ಟ್ ಆಸುಪಾಸು. 32 ಓಮ್‌ನದು ಅದರಲ್ಲಿ ಚೆನ್ನಾಗಿ ಹಾಡುತ್ತದೆ. 600 ಓಮ್‌ನದಕ್ಕೆ ಅಷ್ಟು ಎತ್ತರದಲ್ಲಿ ದಮ್ಮು ಸಾಲುವುದಿಲ್ಲ. ಹೀಗಿರುವಾಗ ಬೇರೆ ಆಂಪ್ ಕೊಳ್ಳುವುದರಲ್ಲಿ ಅರ್ಥ ಇದೆ.

ಇನ್ನು 'ಟ್ರಾನ್ಸ್‌ಪರೆಂಟ್', ಅಂದರೆ ದನಿಗೆ ತನ್ನದೇನನ್ನೂ ಸೇರಿಸದೆ ದಾಟಿಸುವ ಗುಣ. 'ಪಾರದರ್ಶಕ' ಈಗ ಸರಕಾರಿ ಆಡಳಿತದ ಪದ ಆಗಿಬಿಟ್ಟಿದೆ. 'ತಿಳಿ' ಅನ್ನೋಣ. ತಿಳಿ ದನಿ, ತಿಳಿ ಆಂಪ್. ಒಬ್ಬರು 'ಜವಾರಿ' ಸೂಚಿಸಿದರು. ತಂಬೂರಿಯ ಜವಾರಿ (ತಂತಿಯ ಝೇಂಕಾರ) ಸ್ಪಷ್ಟ ಕೇಳಿದರೆ ಆಂಪ್ ಒಳ್ಳೆಯದು ತಾನೆ, ಎಂದು. ಅದನ್ನು ಪರೀಕ್ಷೆಯಾಗಿ ಇಟ್ಟುಕೊಳ್ಳೋಣ, ಹೆಸರಾಗಿ ಬೇಡ. ಜವಾರಿ ಹುಟ್ಟುವುದು ತಂತಿಗಳನ್ನು ಹೊರುವ ಕುದುರೆಯ ಮೇಲ್ಮೈ ಮತ್ತು ತಂತಿಯ ಕೆಳಗಿಡುವ ಜೀವಾಳದ ದಾರದಿಂದ. ಅದು ಕುಶಲಕರ್ಮಿಯ ಕೈಗುಣ. ಆಂಪ್ ಅದನ್ನು ಹುಟ್ಟಿಸುವುದಿಲ್ಲ, ಕೆಡಿಸದೆ ದಾಟಿಸಿದರೆ ಸಾಕು. ಮೇಲಾಗಿ ನಮ್ಮ ಕಡೆ ಜವಾರಿ ಅಂದ ಕೂಡಲೇ ಜವಾರಿ ಬದನೆಕಾಯಿ, ಜವಾರಿ ಕೋಳಿ ನೆನಪಾಗುವವರೇ ಜಾಸ್ತಿ.

ಪದ ಸೂಚಿಸುವ ಮುನ್ನ ನೀವೇ ಕೇಳಿ ನೋಡುವುದಾದರೆ ಒಂದು ಮಾತು. ಎರಡು ಆಂಪ್‌ಗಳ ದನಿಯ ಮಟ್ಟ ಮೊದಲು ಸಮ ಮಾಡಿಕೊಳ್ಳಿ. ಹೆಡ್‌ಫೋನ್ ಸಿಕ್ಕಿಸಿಯೇ ವೋಲ್ಟೇಜ್ ಅಳೆಯಿರಿ, ವ್ಯತ್ಯಾಸ ಶೇಕಡಾ 1ರ ಒಳಗೆ ಇರಲಿ. ಅದು ಸುಮಾರು 0.1 ಡೆಸಿಬೆಲ್. ಯಾಕೆಂದರೆ ದನಿ ಸಣ್ಣದಾದಂತೆ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಬೇಗ ಮರೆಯಾಗುತ್ತವೆ. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ಸ್ವಲ್ಪ ಜೋರಾಗಿರುವ ಆಂಪ್ ಯಾವಾಗಲೂ 'ತುಂಬು'ವಾಗಿ, ಚೆಲುವಾಗಿ ಕೇಳುತ್ತದೆ. ಅಂಗಡಿಯಲ್ಲಿ ನಿಂತು ಕೇಳಿದ ಎಷ್ಟೋ 'ವಾರ್ಮ್'ಗಳು ಬರೀ ಜೋರು ದನಿ. ಮಟ್ಟ ಸಮ ಇದ್ದು, ಒಳತಡೆ ಕಡಿಮೆ ಇದ್ದು, ದಮ್ಮು ಸಾಕಷ್ಟಿದ್ದರೆ ಎರಡು ಒಳ್ಳೆಯ ಆಂಪ್‌ಗಳನ್ನು ಕಣ್ಣು ಮುಚ್ಚಿ ಗುರುತಿಸುವುದು ಬಹಳ ಕಷ್ಟ. ಕೈಪಿಡಿಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತೇನೆ, ಹುಡುಗರ ದುಡ್ಡು ಉಳಿಯಲಿ.

ಇನ್ನೊಂದು ಕೇಳುವುದಿದೆ. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾಯಿತು. ಅಲ್ಲಿ ಎಷ್ಟೋ ದೊಡ್ಡವರ ಹಾಡುಗಾರಿಕೆಯನ್ನು ವಾಲ್ವ್ ಉಪಕರಣಗಳ ಕಾಲದಲ್ಲೇ ಮುದ್ರಿಸಿದ್ದಾರೆ. ಆಗ ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತವರು ದನಿಯ ಬಗ್ಗೆ ತಮ್ಮ ತಮ್ಮಲ್ಲಿ ಕನ್ನಡದಲ್ಲೇ ಮಾತಾಡಿಕೊಂಡಿರುತ್ತಾರೆ. ನಿಮ್ಮಲ್ಲಿ ಯಾರಾದರೂ ಅಲ್ಲಿ ಕೆಲಸ ಮಾಡಿದವರಿದ್ದರೆ, ಅಥವಾ ಮನೆಯ ಹಿರಿಯರು ಮಾಡಿದ್ದರೆ, ದನಿ ಹೀಗೆ ತುಂಬಿಕೊಂಡಾಗ, ಮೊಂಡಾದಾಗ, ಒಡೆದಾಗ ಅವರು ಏನೆನ್ನುತ್ತಿದ್ದರು ಎಂದು ಕೇಳಿ ತಿಳಿಸುತ್ತೀರಾ?