ನುಡಿಗಟ್ಟುಗಳ ಪಟ್ಟಿ ಬಾಯಿಪಾಠವಾಗಿದೆ, ಪ್ರಶ್ನೆಪತ್ರಿಕೆಯಲ್ಲಿ ಮಾತ್ರ ತಪ್ಪುತ್ತಿದೆ

ಪ್ರಶ್ನೆ, ಕಾರವಾರದಿಂದ

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಪದವೀಧರೆ. ಮನೆಮಾತು ಕೊಂಕಣಿ, ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಈಗ ಮನೆಯಲ್ಲಿಯೇ ಕುಳಿತು ಎಸ್‌ಎಸ್‌ಸಿಯ ಸಿಜಿಎಲ್ ಪರೀಕ್ಷೆಗೆ, ಅಂದರೆ ಕೇಂದ್ರ ಸರ್ಕಾರದ ಪದವಿ ಮಟ್ಟದ ಹುದ್ದೆಗಳ ನೇಮಕಾತಿ ಪರೀಕ್ಷೆಗೆ, ಸಿದ್ಧತೆ ನಡೆಸಿದ್ದೇನೆ. ಮೊದಲ ಹಂತದಲ್ಲಿ ಇಂಗ್ಲಿಷಿಗೆ 25 ಪ್ರಶ್ನೆಗಳು, 50 ಅಂಕಗಳು. ಒಂದು ತಪ್ಪಿಗೆ ಅರ್ಧ ಅಂಕ ಕಳೆಯುತ್ತಾರೆ. ಎರಡನೆಯ ಹಂತದಲ್ಲಿ 45 ಪ್ರಶ್ನೆಗಳಿಗೆ 135 ಅಂಕಗಳಿದ್ದು, ಅಲ್ಲಿ ತಪ್ಪಿಗೆ ಒಂದು ಪೂರ್ಣ ಅಂಕವೇ ಹೋಗುತ್ತದೆ.

ವ್ಯಾಕರಣವನ್ನು ಹೇಗೋ ನಿಭಾಯಿಸುತ್ತೇನೆ. ನನ್ನನ್ನು ಕಾಡುತ್ತಿರುವುದು ನುಡಿಗಟ್ಟುಗಳು ಮತ್ತು ಕ್ರಿಯಾಪದಕ್ಕೆ ಸಣ್ಣ ಪದ ಸೇರಿ ಬೇರೆ ಅರ್ಥ ಕೊಡುವ ಫ್ರೇಸಲ್ ವರ್ಬ್‌ಗಳು. ನಾಲ್ಕು ತಿಂಗಳಲ್ಲಿ ಸುಮಾರು 600 ನುಡಿಗಳನ್ನು ಅಕ್ಷರಕ್ರಮದಲ್ಲಿ ನೋಟುಬುಕ್ಕಿಗೆ ಬರೆದು ಬಾಯಿಪಾಠ ಮಾಡಿದ್ದೇನೆ. ಪುಸ್ತಕ ಹಿಡಿದು ಯಾರಾದರೂ ಕೇಳಿದರೆ ತಡವರಿಸದೆ ಹೇಳುತ್ತೇನೆ. ಅದೇ ನುಡಿ ವಾಕ್ಯದೊಳಗೆ ಬಂದರೆ ಗುರುತೇ ಸಿಗುವುದಿಲ್ಲ. 'ಪುಟ್ ಆಫ್', 'ಪುಟ್ ಔಟ್', 'ಪುಟ್ ಅಪ್ ವಿತ್' ಮೂರೂ ಒಂದೇ ಮುಖದ ಅಕ್ಕತಂಗಿಯರಂತೆ ಕಾಣುತ್ತವೆ. ಕಳೆದ ವಾರದ ಮಾದರಿ ಪರೀಕ್ಷೆಯಲ್ಲಿ ಇಂತಹ ಐದು ಪ್ರಶ್ನೆಗಳಲ್ಲಿ ನಾಲ್ಕು ತಪ್ಪಾಗಿ, ಬರಬೇಕಿದ್ದ ಎಂಟು ಅಂಕ ಹೋದದ್ದಲ್ಲದೆ ಬಂದದ್ದರಲ್ಲಿಯೂ ಎರಡು ಅಂಕ ಕಳೆಯಿತು. ಇನ್ನೂ ಹೆಚ್ಚು ಬಾಯಿಪಾಠ ಮಾಡಬೇಕೇ, ಅಥವಾ ಓದುವ ದಾರಿಯನ್ನೇ ಬದಲಿಸಬೇಕೇ? ದಯವಿಟ್ಟು ತಿಳಿಸಿಕೊಡಿ.

ಉತ್ತರ, ಕುಮಟಾದಿಂದ

ತಂಗೀ, ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ನಿನ್ನ ಶ್ರಮದಲ್ಲಿ ಕೊರತೆಯಿಲ್ಲ. ಪಟ್ಟಿ ಮಾಡಿಕೊಂಡ ಕ್ರಮವೇ ನಿನಗೆ ತೊಡಕಾಗಿದೆ. ಒಂದೇ ಕ್ರಿಯಾಪದದ ಆರೇಳು ರೂಪಗಳನ್ನು ಒಂದರ ಕೆಳಗೊಂದು ಬರೆದು ಒಂದೇ ದಿನ ಕಲಿತರೆ ಅವು ಒಂದನ್ನೊಂದು ಅಳಿಸಿಹಾಕುತ್ತವೆ. ಸ್ವಲ್ಪ ಕಾಲ ಕ್ರಿಯಾಪದವನ್ನು ಬಿಟ್ಟು ಅದರ ನಂತರ ಬರುವ ಸಣ್ಣ ಪದವನ್ನು ಹಿಡಿದು ನೋಡು.

'ಈಟ್ ಅಪ್', 'ಡ್ರಿಂಕ್ ಅಪ್', 'ಯೂಸ್ ಅಪ್' ಎಂಬಲ್ಲೆಲ್ಲ ಕೆಲಸ ಪೂರ್ತಿಯಾಗುವ ಭಾವವಿದೆ. ನಾವು 'ತಿಂದುಬಿಡು', 'ಕುಡಿದುಬಿಡು' ಎನ್ನುವಾಗ 'ಬಿಡು' ಮಾಡುವ ಕೆಲಸವೂ ಇದೇ. ಅಲ್ಲಿ 'ಬಿಡು' ಎಂಬುದಕ್ಕೆ ತ್ಯಜಿಸುವ ಅರ್ಥ ಉಳಿದಿಲ್ಲ, ಇಲ್ಲಿ 'ಅಪ್' ಎಂಬುದಕ್ಕೆ ಮೇಲೆ ಎಂಬ ಅರ್ಥ ಉಳಿದಿಲ್ಲ. 'ಗೋ ಆನ್', 'ಕ್ಯಾರಿ ಆನ್', 'ಕೀಪ್ ಆನ್' ಎಂಬಲ್ಲಿ 'ಆನ್' ನಮ್ಮ 'ಹೇಳುತ್ತಾ ಹೋಗು' ಎಂಬುದರ 'ಹೋಗು'ವಿನಂತೆ ಮುಂದುವರಿಕೆಯನ್ನು ಸೂಚಿಸುತ್ತದೆ. 'ಪುಟ್ ಔಟ್', 'ಡೈ ಔಟ್', 'ರನ್ ಔಟ್' ಎಂಬಲ್ಲಿ ಏನೋ ಒಂದು ಆರಿಹೋಗುತ್ತದೆ, ಅಳಿಯುತ್ತದೆ ಅಥವಾ ಮುಗಿಯುತ್ತದೆ. ಹೀಗೆ ಗುಂಪು ಮಾಡಿದರೆ 'ಪುಟ್ ಔಟ್ ದಿ ಫೈರ್' ಎಂಬುದು ಬೆಂಕಿ ನಂದಿಸುವುದೆಂದು ತಾನಾಗಿಯೇ ಹೊಳೆಯುತ್ತದೆ.

ಇನ್ನು ನುಡಿಗಟ್ಟುಗಳ ಮಾತು. 'ಎ ಬೋಲ್ಟ್ ಫ್ರಮ್ ದಿ ಬ್ಲೂ' ಎಂದರೆ ನಮ್ಮ ಬರಸಿಡಿಲು. 'ಬಿಟ್ವೀನ್ ದಿ ಡೆವಿಲ್ ಅಂಡ್ ದಿ ಡೀಪ್ ಸೀ' ಎಂದರೆ ಅತ್ತ ದರಿ, ಇತ್ತ ಪುಲಿ. 'ಎ ಡ್ರಾಪ್ ಇನ್ ದಿ ಓಷನ್' ಎಂದರೆ ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಇಂತಹ ಜೋಡಿಗಳನ್ನು ಇಂಗ್ಲಿಷ್ ಅರ್ಥ ಬರೆದು ಕಲಿಯುವುದಕ್ಕಿಂತ ಕನ್ನಡದ ನುಡಿಯನ್ನೇ ಎದುರಿಗೆ ಬರೆದು ಕಲಿತರೆ ಮರೆಯುವುದಿಲ್ಲ. ಆದರೆ ಒಂದು ಎಚ್ಚರಿಕೆ ಬೇಕು. ನೋಡಲು ಒಂದೇ ಆಗಿದ್ದು ಅರ್ಥದಲ್ಲಿ ದಿಕ್ಕು ತಪ್ಪಿಸುವ ಜೋಡಿಗಳೂ ಇವೆ. ನಾವು 'ಕೈಕೊಟ್ಟ' ಎಂದರೆ ನಂಬಿಸಿ ಮೋಸ ಮಾಡಿದ ಎಂದರ್ಥ. ಇಂಗ್ಲಿಷಿನ 'ಗಿವ್ ಎ ಹ್ಯಾಂಡ್' ಎಂದರೆ ನೆರವಾಗುವುದು. ಮೇಲೇರುವವನನ್ನು ಕೆಳಗೆ ಎಳೆಯುವುದನ್ನು ನಾವು 'ಕಾಲೆಳೆಯುವುದು' ಎನ್ನುತ್ತೇವೆ. ಅವರ 'ಪುಲ್ ಸಮ್‌ವನ್ಸ್ ಲೆಗ್' ಬರಿಯ ತಮಾಷೆ. ನನ್ನ ವಿದ್ಯಾರ್ಥಿಗಳು ಅತಿ ಹೆಚ್ಚು ತಪ್ಪಿದ್ದು ಇಂತಹ ಕಡೆಗಳಲ್ಲಿ. ಇವುಗಳಿಗೆ ಒಂದು ಬೇರೆ ಹಾಳೆಯನ್ನು ಇಟ್ಟುಕೋ.

ಉತ್ತರ, ಶಿರಸಿಯಿಂದ

ಗುರುಗಳು ಹೇಳಿದ ದಾರಿ ಒಳ್ಳೆಯದೇ, ಆದರೆ ಅದೊಂದನ್ನೇ ನಂಬಿದರೆ ನಡುವೆ ನಿಲ್ಲಬೇಕಾಗುತ್ತದೆ ಎಂಬುದು ಇದೇ ಪರೀಕ್ಷೆಯನ್ನು ಬರೆದು ಕೆಲಸಕ್ಕೆ ಸೇರಿದ ನನ್ನ ಅನುಭವ. 'ಟರ್ನ್ ಡೌನ್' ಎಂದರೆ ನಿರಾಕರಿಸುವುದು, 'ಟೇಕ್ ಆಫ್ಟರ್' ಎಂದರೆ ತಂದೆಯನ್ನೋ ತಾಯಿಯನ್ನೋ ಹೋಲುವುದು, 'ಪುಟ್ ಅಪ್ ವಿತ್' ಎಂದರೆ ಸಹಿಸಿಕೊಳ್ಳುವುದು. ಇವನ್ನು ಸಣ್ಣ ಪದದ ಅರ್ಥದಿಂದ ಊಹಿಸಲು ಸಾಧ್ಯವಿಲ್ಲ. ವಾಕ್ಯದಲ್ಲಿಟ್ಟೇ ಕಲಿಯಬೇಕು, ಅದೂ ನಮ್ಮ ಮನೆಯ ವಾಕ್ಯದಲ್ಲಿ. ಮಳೆ ಬಿಡದೆ ನಮ್ಮ ತೋಟದ ಅಡಿಕೆ ಕೊನೆಕೊಯ್ಲನ್ನು ಮುಂದೂಡಿದ ದಿನ ನಾನು 'ವಿ ಪುಟ್ ಆಫ್ ದಿ ಹಾರ್ವೆಸ್ಟ್' ಎಂದು ಬರೆದಿಟ್ಟೆ, ಮತ್ತೆಂದೂ ಆ ನುಡಿ ಗೊಂದಲವಾಗಲಿಲ್ಲ. ಬರೆದ ವಾಕ್ಯವನ್ನು ಮರುದಿನ, ಮೂರನೆಯ ದಿನ, ವಾರದ ಬಳಿಕ ಒಮ್ಮೊಮ್ಮೆ ಮುಚ್ಚಿಟ್ಟು ನೆನಪಿಸಿಕೊಳ್ಳುತ್ತಿದ್ದೆ.

ತಪ್ಪು ಗುರುತಿಸುವ ಪ್ರಶ್ನೆಗಳಲ್ಲಿ ಪದಗಳ ಸ್ಥಾನವೂ ಮುಖ್ಯ. 'ಪುಟ್ ಆಫ್ ದಿ ಮೀಟಿಂಗ್' ಸರಿ, 'ಪುಟ್ ದಿ ಮೀಟಿಂಗ್ ಆಫ್' ಕೂಡ ಸರಿ. ಆದರೆ ಸರ್ವನಾಮ ಬಂದಾಗ 'ಪುಟ್ ಇಟ್ ಆಫ್' ಎಂದೇ ಆಗಬೇಕು, 'ಪುಟ್ ಆಫ್ ಇಟ್' ತಪ್ಪು. 'ಲುಕ್ ಆಫ್ಟರ್' ಮಾತ್ರ ಹೀಗೆ ಒಡೆಯುವುದಿಲ್ಲ. ಅಲ್ಲಿ 'ಲುಕ್ ಆಫ್ಟರ್ ಇಟ್' ಎಂಬುದೇ ಸರಿ. ಒಡೆಯುವವು ಯಾವುವು, ಒಡೆಯದವು ಯಾವುವು ಎಂದು ನೋಟುಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ.

ಊಹೆಯ ಬಗ್ಗೆಯೂ ಒಂದು ಮಾತು. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಬಹುದಾದರೆ ಉತ್ತರ ಗುರುತಿಸಿ. ಮೊದಲ ಹಂತದಲ್ಲಿ ಅಂತಹ ಎರಡು ಪ್ರಶ್ನೆಗಳಲ್ಲಿ ಒಂದು ಸರಿಯಾಗಿ ಒಂದು ತಪ್ಪಿದರೂ ಒಂದೂವರೆ ಅಂಕ ಕೈಯಲ್ಲಿ ಉಳಿಯುತ್ತದೆ.

ಉತ್ತರ, ಬೈತಖೋಲದಿಂದ

ನೀವು ಕಾರವಾರದವರಾದುದರಿಂದ ಒಂದು ಸಂಗತಿಯನ್ನು ಹೇಳಬೇಕೆನಿಸಿತು. ಇಂಗ್ಲಿಷಿನ ಎಷ್ಟೋ ನುಡಿಗಟ್ಟುಗಳು ಕಡಲಿನಿಂದ, ಹಾಯಿಹಡಗಿನಿಂದ ಬಂದವು, ಮತ್ತು ದೋಣಿ ಕಂಡು ಬೆಳೆದವರಿಗೆ ಅವು ಬೇಗ ದಕ್ಕುತ್ತವೆ. 'ಲರ್ನ್ ದಿ ರೋಪ್ಸ್' ಎಂದರೆ ಹೊಸ ಕೆಲಸದ ಒಳಹೊರಗನ್ನು ಅರಿಯುವುದು; ದೋಣಿಗೆ ಹೊಸದಾಗಿ ಬಂದ ಹುಡುಗ ಮೊದಲು ಕಲಿಯುವುದು ಹಗ್ಗವನ್ನೇ ಅಲ್ಲವೇ? 'ತ್ರೀ ಶೀಟ್ಸ್ ಟು ದಿ ವಿಂಡ್' ಎಂಬುದನ್ನು ನಾನು ಬಹಳ ಕಾಲ ಮೂರು ಹಾಯಿ ಎಂದು ತಿಳಿದಿದ್ದೆ. ಅಲ್ಲಿ 'ಶೀಟ್' ಎಂದರೆ ಹಾಯಿಯಲ್ಲ, ಹಾಯಿಯ ಮೂಲೆಯನ್ನು ಬಿಗಿದು ಹಿಡಿಯುವ ಹಗ್ಗ. ಅದು ಸಡಿಲವಾದರೆ ಹಾಯಿ ಬಡಿದಾಡಿ ಹಡಗು ತೂರಾಡುತ್ತದೆ, ಅದಕ್ಕಾಗಿ ಕುಡಿದು ತೂರಾಡುವವನಿಗೆ ಆ ಮಾತು ಬಂತು. 'ಬೈ ಅಂಡ್ ಲಾರ್ಜ್' ಕೂಡ ಗಾಳಿಗೆ ಎದುರಾಗಿ ಮತ್ತು ಗಾಳಿಯ ಜೊತೆಗೆ ಸಾಗುವ ಎರಡು ಬಗೆಗಳಿಂದ ಹುಟ್ಟಿ, ಈಗ ಒಟ್ಟಾರೆಯಾಗಿ ಎಂಬ ಅರ್ಥದಲ್ಲಿ ನಿಂತಿದೆ. 'ಮಿಸ್ ದಿ ಬೋಟ್' ಎಂದರೆ ಅವಕಾಶ ತಪ್ಪಿಸಿಕೊಳ್ಳುವುದು, 'ರಾಕ್ ದಿ ಬೋಟ್' ಎಂದರೆ ಸರಿಯಾಗಿ ನಡೆಯುತ್ತಿರುವುದನ್ನು ಕಲಕುವುದು, 'ಇನ್ ದಿ ಸೇಮ್ ಬೋಟ್' ಎಂದರೆ ಒಂದೇ ಕಷ್ಟದಲ್ಲಿರುವುದು. ಜೂನ್ ಮತ್ತು ಜುಲೈಯಲ್ಲಿ ಯಾಂತ್ರಿಕ ದೋಣಿಗಳೆಲ್ಲ ಮೀನುಗಾರಿಕೆಯ ನಿಷೇಧದಿಂದ ದಡದಲ್ಲಿ ನಿಂತಿರುವಾಗ ನಮ್ಮ ಬೈತಖೋಲ ಬಂದರಿನ ಕಡೆಗೆ ಬಂದು ಕುಳಿತು ಈ ಗುಂಪನ್ನು ಓದಿ ನೋಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಳೆಯ ಪಟ್ಟಿಯನ್ನು ಬದಿಗಿಟ್ಟು ಇಂದು ಮೂರು ವಾಕ್ಯಗಳನ್ನು ಬರೆದಿದ್ದೇನೆ. ಸರ್, ದಯವಿಟ್ಟು ತಿದ್ದಿಕೊಡಿ. 'ಮೈ ಬ್ರದರ್ ಟೇಕ್ಸ್ ಆಫ್ಟರ್ ಮೈ ಫಾದರ್.' 'ವಿ ಪುಟ್ ಅಪ್ ವಿತ್ ದಿ ಹೀಟ್ ಇನ್ ಮೇ.' 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಗೋ ಟು ದಿ ಸಿರ್ಸಿ ಫೇರ್.'

ಉತ್ತರ, ಕುಮಟಾದಿಂದ

ಮೊದಲ ಎರಡು ಸರಿಯಾಗಿವೆ, ತಂಗಿ. ಮೂರನೆಯದರಲ್ಲಿ 'ಟು ಗೋ' ಎಂಬುದು 'ಟು ಗೋಯಿಂಗ್' ಆಗಬೇಕು. 'ಲುಕ್ ಫಾರ್ವರ್ಡ್ ಟು' ಎಂಬಲ್ಲಿನ 'ಟು' ಆ ನುಡಿಗೇ ಸೇರಿದ್ದರಿಂದ ಅದರ ಮುಂದೆ ನಾಮಪದ ಇಲ್ಲವೇ 'ಇಂಗ್' ರೂಪವೇ ಬರುತ್ತದೆ. ತಪ್ಪು ಗುರುತಿಸುವ ಪ್ರಶ್ನೆಗೆ ಹೇಳಿ ಮಾಡಿಸಿದಂತಹ ಜಾಗವಿದು. ಶಿರಸಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುವಂಥದ್ದು, ಅದಕ್ಕೆ ಕಾಯುವ ಮಾತಿಗೆ ಈ ನುಡಿ ತಕ್ಕದ್ದೇ ಆಗಿದೆ. ನಾಳೆ 'ಗೆಟ್' ಇರುವ ಮೂರು ವಾಕ್ಯಗಳನ್ನು ಬರೆದು ಇಲ್ಲಿಯೇ ಹಾಕು, ನೋಡುತ್ತೇನೆ.