ಜೆರ್ಸಿ ಟೀ ಶರ್ಟ್ ಒಳಗೆ ಗಾಳಿಯೇ ಆಡುತ್ತಿಲ್ಲ, ಹತ್ತಿಯಾದರೂ ಯಾಕೆ ಇಷ್ಟು ಸೆಕೆ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿದ್ದೇನೆ, ಮನೆಯಲ್ಲೇ ಹೊಲಿಯುತ್ತೇನೆ. ಬ್ಲೌಸ್, ಚೂಡಿದಾರ್ ಬಿಟ್ಟು ಈಗ ಜೆರ್ಸಿ ಬಟ್ಟೆ ತಂದು ನಮ್ಮ ಯಜಮಾನರಿಗೆ ಟೀ ಶರ್ಟ್ ಹೊಲಿದೆ. ಅಂಗಡಿಯವರು ಪ್ಯೂರ್ ಕಾಟನ್ ಸಿಂಗಲ್ ಜೆರ್ಸಿ ಅಂತಲೇ ಕೊಟ್ಟಿದ್ದು. ಮುಟ್ಟಿದರೆ ಬೆಣ್ಣೆಯ ಹಾಗೆ ನುಣುಪು. ಆದರೆ ಹಾಕಿಕೊಂಡು ಸ್ವಲ್ಪ ಹೊತ್ತಿಗೆ ಬೆನ್ನಿಗೆ ಅಂಟಿಕೊಳ್ಳುತ್ತದೆ, ಒಳಗೆಲ್ಲ ಬೇಯುತ್ತದೆ ಅಂತಾರೆ. ಹಳೇ ಬನಿಯನ್ ಹಾಕಿದರೆ ಆರಾಮ. ಎರಡೂ ಹತ್ತಿಯೇ ಅಲ್ವಾ? ತೊಂದರೆ ಹೊಲಿಗೆಯದಾ, ಬಟ್ಟೆಯದಾ?

ಉತ್ತರ:
ಬಟ್ಟೆಯದೇ ಮೇಡಂ. ಜೆರ್ಸಿ ಮಗ್ಗದಲ್ಲಿ ನೇಯ್ದದ್ದಲ್ಲ, ನೂಲನ್ನು ಕುಣಿಕೆ ಕುಣಿಕೆಯಾಗಿ ಹೆಣೆದದ್ದು. ಗಾಳಿ ಹೋಗುವುದು ಆ ಕುಣಿಕೆಗಳ ಸಂದಿಯಲ್ಲಿ. ನೂಲು ದಪ್ಪವಾಗಿ ಕುಣಿಕೆ ಬಿಗಿಯಾದರೆ, ಎಂಥ ಒಳ್ಳೆ ಹತ್ತಿಯಾದರೂ ಸಂದಿ ಮುಚ್ಚಿಹೋಗುತ್ತದೆ. ಬನಿಯನ್ ಬಟ್ಟೆಯೂ ಹೆಣೆದದ್ದೇ, ಆದರೆ ತೆಳು.

ಉಳಿದ ಬಟ್ಟೆ ಇದ್ದರೆ ಇಷ್ಟು ನೋಡಿ ಹೇಳಿ. ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ತುಂಡನ್ನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಬಂದದ್ದನ್ನು 4ರಿಂದ ಗುಣಿಸಿ, ಅದೇ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ಒಗೆಯದ ತುಂಡಿನ ಮೇಲೆ ಒಂದು ಹನಿ ನೀರು ಬಿಡಿ, ತಕ್ಷಣ ಹೀರುತ್ತದೋ ನಿಲ್ಲುತ್ತದೋ ನೋಡಿ. ಕೊನೆಗೆ ಒಂದು ಚಿಕ್ಕ ಚೂರನ್ನು ಇಕ್ಕಳದಲ್ಲಿ ಹಿಡಿದು ಸಿಂಕ್ ಮೇಲೆ ಸುಡಿ. ಬರೀ ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಪ್ರಶ್ನೆ ಕೇಳಿದವರು:
ಮಾಡಿದೆ. ತೂಕ 55 ಗ್ರಾಂ, ಅಂದರೆ 220. ನೀರಿನ ಹನಿ ತುಂಬಾ ಹೊತ್ತು ಹಾಗೇ ಉಬ್ಬಿ ನಿಂತಿತ್ತು! ಸುಟ್ಟರೆ ಕಾಗದದ ವಾಸನೆಯೇ, ಬೂದಿಯೂ ಬಂತು, ಆದರೆ ಅದರಲ್ಲಿ ಅಲ್ಲಲ್ಲಿ ಗಟ್ಟಿ ಕಾಳು. ಬಟ್ಟೆ ಎಳೆದು ಬಿಟ್ಟರೆ ರಬ್ಬರ್ ತರ ವಾಪಸ್ ಬರುತ್ತದೆ.

ಉತ್ತರ:
ಹಾಗಾದರೆ ಗೊತ್ತಾಯಿತು. ಎಳೆದರೆ ರಬ್ಬರ್ ತರ ವಾಪಸ್ ಬರುತ್ತದೆ ಅಂದರೆ ಅದರಲ್ಲಿ ಲೈಕ್ರಾ ಇದೆ, ಹಿಗ್ಗಿ ಕುಗ್ಗುವ ಸಿಂಥೆಟಿಕ್ ನೂಲು. ಲೈಕ್ರಾ ಕುಣಿಕೆಗಳನ್ನು ಒಂದಕ್ಕೊಂದು ಎಳೆದು ಕೂರಿಸುತ್ತದೆ, ಹಾಗಾಗಿ ಬಟ್ಟೆ ಭಾರವೂ ಆಗುತ್ತದೆ, ಸಂದಿಯೂ ಕಡಿಮೆ. ಲೆಗ್ಗಿಂಗ್ಸ್‌ಗೆ ಅದು ಬೇಕು, ಕರಾವಳಿಯ ಟೀ ಶರ್ಟ್‌ಗೆ ಬೇಡ.

ಇನ್ನೊಂದು ಆ ನುಣುಪು. ಕೈಗೆ ಮೃದುವಾಗಿರಲಿ ಅಂತ ಕೊನೆಯಲ್ಲಿ ಸಿಲಿಕೋನ್ ಸಾಫ್ಟನರ್ ಕೊಟ್ಟಿರುತ್ತಾರೆ. ಅದು ನೂಲಿನ ಮೇಲೆ ಪದರವಾಗಿ ಕೂತರೆ ಹತ್ತಿ ನೀರು ಕುಡಿಯುವುದಿಲ್ಲ, ಬೆವರು ಮೈಮೇಲೇ ಉಳಿಯುತ್ತದೆ. ಅಂಗಡಿಯಲ್ಲಿ ಮುಟ್ಟಿ ಖುಷಿಯಾಗುವ ಬಟ್ಟೆಯೇ ಮೈಮೇಲೆ ಕಷ್ಟ ಕೊಡುವುದು ಇದಕ್ಕೇ, ಇದನ್ನು ಅಂಗಡಿಯವರು ಹೇಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಬಿಸಿನೀರು, ಸೋಪಿನ ಪುಡಿ ಹಾಕಿ ಒಂದೆರಡು ಸಲ ಒಗೆಯಿರಿ, ಕೊನೆಯ ನೀರಿಗೆ ಕಂಡೀಷನರ್ ಬೇಡವೇ ಬೇಡ. ಬಣ್ಣ ಬಿಡುತ್ತದಾ ಅಂತ ಮೊದಲು ತುಂಡಿನಲ್ಲಿ ನೋಡಿಕೊಳ್ಳಿ. ಸಿಲಿಕೋನ್ ಪೂರ್ತಿ ಹೋಗುವುದಿಲ್ಲ, ಸ್ವಲ್ಪ ಸುಧಾರಿಸಬಹುದು.

ಮತ್ತೊಬ್ಬರು:
ನಾನು ಟೀ ಶರ್ಟ್ ಪ್ರಿಂಟಿಂಗ್ ಮಾಡುವವನು, ಒಂದು ಮಾತು ಸೇರಿಸುತ್ತೇನೆ. ಎದೆ ತುಂಬ ರಬ್ಬರ್ ಪ್ರಿಂಟ್ ಹಾಕಿಸಬೇಡಿ ಅಕ್ಕಾ. ಅಷ್ಟು ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿದಂತೆಯೇ, ಕೆಳಗೆ ಯಾವ ಬಟ್ಟೆ ಇದ್ದರೂ ಗಾಳಿ ಹೋಗಲ್ಲ. ಬೇಕೇ ಬೇಕು ಅಂದರೆ ವಾಟರ್ ಬೇಸ್ ಇಂಕ್‌ನಲ್ಲಿ ಚಿಕ್ಕದಾಗಿ ಮಾಡಿಸಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಮುಂದಿನ ಸಲ ಏನು ತರಲಿ? ಆಟದವರು ಹಾಕುವ ಡ್ರೈ ಫಿಟ್ ಬಟ್ಟೆ ವಾಸಿಯಾ?

ಉತ್ತರ:
ನಿಮ್ಮ ಯಜಮಾನರ ಕೆಲಸ ನೋಡಿ ಆರಿಸಿ. ಪಾಲಿಯೆಸ್ಟರ್ ನೂಲು ತಾನು ನೀರು ಕುಡಿಯುವುದಿಲ್ಲ, ಡ್ರೈ ಫಿಟ್‌ನಲ್ಲಿ ಬೆವರು ನೂಲುಗಳ ಸಂದಿಯಲ್ಲಿ ಹರಡಿ ಬೇಗ ಆರುತ್ತದೆ. ಓಡುವವರಿಗೆ, ಶಟಲ್ ಆಡುವವರಿಗೆ ಅದು ಸರಿ, ಆದರೆ ಬೆವರಿನ ವಾಸನೆ ಹಿಡಿದುಕೊಳ್ಳುತ್ತದೆ. ಹತ್ತಿ ಬೆವರನ್ನು ಚೆನ್ನಾಗಿ ಹೀರುತ್ತದೆ, ಆರುವುದು ನಿಧಾನ. ತುಂಬಾ ಒದ್ದೆಯಾದರೆ ಹತ್ತಿಯ ಎಳೆಗಳೇ ಉಬ್ಬಿ ಸಂದಿ ಇನ್ನೂ ಕಿರಿದಾಗುತ್ತದೆ. ನಿಮ್ಮೂರಿನಲ್ಲಿ ಗಾಳಿಯಲ್ಲೇ ತೇವ ಇರುವುದರಿಂದ ಒಮ್ಮೆ ನೆನೆದದ್ದು ಬೇಗ ಆರಲ್ಲ. ಅದಕ್ಕೇ ಭಾರದ ಹತ್ತಿ ಅಲ್ಲಿ ಹಿಂಸೆ.

ದಿನಾ ಹಾಕಲು 140ರಿಂದ 160 ಜಿಎಸ್‌ಎಂ ಸಿಂಗಲ್ ಜೆರ್ಸಿ ತನ್ನಿ, ಲೈಕ್ರಾ ಇಲ್ಲದ್ದು. ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ತೂತು ಕಾಣಬೇಕು. ಇಂಟರ್‌ಲಾಕ್ ಅಂದರೆ ಬೇಡ ಅನ್ನಿ, ಅದು ಎರಡು ಪದರದ ಹಾಗೆ ದಪ್ಪ. ಕಾಲರ್ ಇರುವುದು ಬೇಕಾದರೆ ಪಿಕೆ ಅನ್ನುವ ಹೆಣಿಗೆ ಬಟ್ಟೆ ಕೇಳಿ, ಅದರ ಉಬ್ಬುತಗ್ಗಿನಿಂದಾಗಿ ಬಟ್ಟೆ ಪೂರ್ತಿ ಮೈಗೆ ಅಂಟುವುದಿಲ್ಲ. ಲೈಕ್ರಾ ಇಲ್ಲದ್ದಕ್ಕೆ ಅಳತೆ ಸ್ವಲ್ಪ ಸಡಿಲ ಇಡಿ, ಎದೆ ಸುತ್ತಳತೆಗೆ ನಾಲ್ಕೈದು ಇಂಚು ಜಾಸ್ತಿ. ಮತ್ತೆ ಕತ್ತರಿಸುವ ಮೊದಲೇ ನೆನೆಸಿ ಒಣಗಿಸಿಕೊಳ್ಳಿ, ಹತ್ತಿ ಜೆರ್ಸಿ ಉದ್ದಕ್ಕೆ ಚೆನ್ನಾಗಿ ಕುಗ್ಗುತ್ತದೆ.